ಸ್ವಂತ ಅಂಗಳದಲ್ಲಿ ಶಿಲುಬೆ ಸುಟ್ಟರೆ ಅದು ಬೆದರಿಕೆಯೋ, ಅಭಿವ್ಯಕ್ತಿಯೋ?

ನೀಲಗಿರಿ_ತೋಪು (ಚರ್ಚೆ ಆರಂಭಿಸಿದವರು)
2023ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ರಜೆಯ ಹೊತ್ತು. ಅಮೆರಿಕದ ಸೌತ್ ಕ್ಯಾರೊಲೈನಾದ ಕಾನ್ವೇ ಊರಿನಲ್ಲಿ ಒಂದು ಬಿಳಿಯ ಜೋಡಿ ಪಕ್ಕದ ಮನೆಯ ಕಪ್ಪು ದಂಪತಿಗೆ ಕಾಣುವ ಹಾಗೆ ಶಿಲುಬೆ ನಿಲ್ಲಿಸಿ ಬೆಂಕಿ ಹಚ್ಚಿತು. ವೀಡಿಯೊ ಸಾಕ್ಷ್ಯವೇ ಇತ್ತು. ಆದರೂ ಸ್ಥಳೀಯ ಪೊಲೀಸರು ಹಾಕಿದ್ದು ಎರಡನೇ ದರ್ಜೆಯ ಕಿರುಕುಳದ ಕೇಸು. ಆ ಕಲಮಿಗೆ ಶಿಕ್ಷೆ ಹೆಚ್ಚೆಂದರೆ 30 ದಿನ ಜೈಲು.

ನನ್ನ ಪ್ರಶ್ನೆ ಎರಡು. ಶಿಲುಬೆ ಸುಡುವುದರ ವಿರುದ್ಧ ಆ ರಾಜ್ಯದಲ್ಲಿ ಕಾನೂನು ಇಲ್ಲವೇ? ಇನ್ನೊಂದು, ಇದನ್ನು ಯಾರೇ, ಎಲ್ಲೇ ಮಾಡಿದರೂ ಅಪರಾಧ ಅಂತ ಸೀದಾ ಒಂದು ಕಾನೂನು ಮಾಡಿಬಿಡಲು ಅಲ್ಲಿನ ಸುಪ್ರೀಂ ಕೋರ್ಟು ಯಾಕೆ ಬಿಡುವುದಿಲ್ಲ? ಕ್ಲಾನ್‌ನವರು, ಅಂದರೆ ಬಿಳಿಯರ ಮೇಲುಗೈ ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯವರು, ಕಪ್ಪು ಜನರನ್ನು ಹೆದರಿಸಲು ಶಿಲುಬೆ ಸುಟ್ಟು ಏನು ಮಾಡಿದ್ದಾರೆ ಅನ್ನುವುದು ಜಗತ್ತಿಗೇ ಗೊತ್ತು. ಇದರಲ್ಲಿ ಇನ್ನೂ ಚರ್ಚೆಗೆ ಏನು ಉಳಿದಿದೆ ಅಂತ ನನಗೆ ಅರ್ಥವಾಗುತ್ತಿಲ್ಲ.

ಕಲಂ_ಕಟ್ಟೆ
ಕಾನೂನು ಇದೆ. ಆ ರಾಜ್ಯದ ಸಂಹಿತೆಯ 16-7-120ನೇ ಕಲಮು ಅಂತ. ಆದರೆ ಅದನ್ನು ಒಮ್ಮೆ ಓದಿ ನೋಡಿ. ಸಾರ್ವಜನಿಕ ಜಾಗದಲ್ಲಿ ಉರಿಯುವ ಶಿಲುಬೆ ನಿಲ್ಲಿಸಿದರೆ ಅಪರಾಧ. ಬೇರೆಯವರ ಜಾಗದಲ್ಲಿ, ಅವರ ಲಿಖಿತ ಒಪ್ಪಿಗೆ ಇಲ್ಲದೆ ನಿಲ್ಲಿಸಿದರೆ ಅಪರಾಧ. ತನ್ನದೇ ಜಾಗದಲ್ಲಿ, ಬೇಲಿಯ ಈಚೆ ನಿಂತು ಸುಟ್ಟರೆ ಅದು ಈ ಕಲಮಿನ ಕೈಗೆ ಸಿಗುವುದಿಲ್ಲ. ಕಾನ್ವೇಯಲ್ಲಿ ಎಡವಟ್ಟಾಗಿದ್ದು ಅಲ್ಲೇ.

ಇನ್ನೊಂದು ಕೊರತೆಯೂ ಇದೆ. ದ್ವೇಷಾಪರಾಧಕ್ಕೆ ರಾಜ್ಯ ಮಟ್ಟದ ಕಾನೂನೇ ಇಲ್ಲದ ರಾಜ್ಯಗಳು ಅಂತ ಆ ಹೊತ್ತಿಗೆ ಎಲ್ಲರೂ ಹೆಸರಿಸುತ್ತಿದ್ದದ್ದು ಎರಡನ್ನೇ: ಸೌತ್ ಕ್ಯಾರೊಲೈನಾ ಮತ್ತು ವಯೋಮಿಂಗ್. ಸೌತ್ ಕ್ಯಾರೊಲೈನಾದ ಕೆಳಮನೆ 2021ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಮಸೂದೆ ಪಾಸು ಮಾಡಿತು. ಎರಡು ಸಲವೂ ಸೆನೆಟ್‌ನಲ್ಲಿ ಕೊಳೆಯಿತು.

ಸಾಗರ_ಸೀಮೆ
ಬೇಲಿಯ ಆಚೆಯೋ ಈಚೆಯೋ, ಕಿಟಕಿಯಿಂದ ನೋಡುವವರಿಗೆ ಕಾಣುವುದು ಅದೇ ಬೆಂಕಿ ತಾನೆ?

ಅಟ್ಲಾಂಟಾ_ಅಂಗಳ
@ಸಾಗರ_ಸೀಮೆ ನಿಮ್ಮ ಮಾತನ್ನು ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ಕಾನೂನು, ಒಪ್ಪುತ್ತದೆ. ಜನ ಇದನ್ನು ಮರೆತು ಬರೀ ರಾಜ್ಯದ ಕಾನೂನು ಹಿಡಿದು ಕೂಗಾಡುತ್ತಾರೆ.

2020ರ ಡಿಸೆಂಬರ್‌ನಲ್ಲಿ ಮಿಸಿಸಿಪ್ಪಿಯ ಗಲ್ಫ್‌ಪೋರ್ಟ್‌ನಲ್ಲಿ ಒಬ್ಬ ತನ್ನದೇ ಮನೆಯ ಮುಂದೆ ಶಿಲುಬೆ ಸುಟ್ಟ. ಪಕ್ಕದ ಕಪ್ಪು ಕುಟುಂಬದ ಜೊತೆ ಜಗಳ ಆಗಿತ್ತು. ಅವರಿಗೆ ಕಾಣುವ ಹಾಗೆ ನಿಲ್ಲಿಸಿ, ಜನಾಂಗೀಯ ಬೈಗುಳ, ಬೆದರಿಕೆ ಎಲ್ಲ ಕೂಗಿದ. ಜಾಗ ತನ್ನದೇ ಅನ್ನುವುದು ಅವನ ನೆರವಿಗೆ ಬರಲಿಲ್ಲ. ಫೇರ್ ಹೌಸಿಂಗ್ ಕಾಯ್ದೆಯ ಕ್ರಿಮಿನಲ್ ಭಾಗ, 3631ನೇ ಕಲಮಿನ ಕೆಳಗೆ ತಪ್ಪೊಪ್ಪಿಕೊಂಡ. 2023ರ ಮಾರ್ಚ್‌ನಲ್ಲಿ 42 ತಿಂಗಳ ಶಿಕ್ಷೆ ಆಯಿತು.

ಧಾರವಾಡ_ದಾರಿ
ಅಂದ್ರ ಒಂದೇ ಥರದ ಕೃತ್ಯಕ್ಕ ಒಂದು ಕಡೆ 30 ದಿನದ ಕಲಮು, ಇನ್ನೊಂದು ಕಡೆ ಮೂರೂವರೆ ವರ್ಷ. ಇದೆಂಥಾ ನ್ಯಾಯ ರೀ?

ಕಲಂ_ಕಟ್ಟೆ
ರಾಜ್ಯದ ಕೇಸು ಬೇರೆ, ಫೆಡರಲ್ ಕೇಸು ಬೇರೆ ಸರ್. ಒಂದು ನಡೆಯುತ್ತಿದ್ದರೂ ಇನ್ನೊಂದನ್ನು ಹಾಕಬಹುದು. ಆದರೆ 3631 ನಿಲ್ಲಬೇಕಾದರೆ ಪ್ರಾಸಿಕ್ಯೂಷನ್ ನಾಲ್ಕು ಅಂಶ ರುಜುವಾತು ಮಾಡಬೇಕು. ಬಲಪ್ರಯೋಗ ಅಥವಾ ಬಲಪ್ರಯೋಗದ ಬೆದರಿಕೆ ಇರಬೇಕು. ಹೆದರಿಸಬೇಕು ಅಂತ ಬೇಕೆಂದೇ ಮಾಡಿರಬೇಕು. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇಂಥ ಕಾರಣಕ್ಕೆ ಮಾಡಿರಬೇಕು. ಕೊನೆಯದಾಗಿ, ಆ ಜನ ಆ ಮನೆಯಲ್ಲಿ ವಾಸ ಇದ್ದಾರೆ ಅನ್ನುವುದಕ್ಕೆ ಅದು ತಳುಕು ಹಾಕಿಕೊಂಡಿರಬೇಕು. ಬರೀ ಬೆದರಿಕೆಗೆ ಒಂದು ವರ್ಷದವರೆಗೆ ಶಿಕ್ಷೆ, ಬೆಂಕಿ ಬಳಸಿದ್ದರೆ ಹತ್ತು ವರ್ಷದವರೆಗೆ. ಜೊತೆಗೆ 844(ಎಚ್) ಅಂತ ಇನ್ನೊಂದು ಇದೆ. ಫೆಡರಲ್ ಅಪರಾಧ ಎಸಗಲು ಬೆಂಕಿ ಬಳಸಿದರೆ, ಮೂಲ ಶಿಕ್ಷೆಯ ಮೇಲೆ ಮತ್ತೆ ಹತ್ತು ವರ್ಷ ಕಡ್ಡಾಯ. ಗಲ್ಫ್‌ಪೋರ್ಟ್ ಪ್ರಕರಣದಲ್ಲಿ ಇದನ್ನೂ ಆರೋಪಪಟ್ಟಿಯಲ್ಲಿ ಇಟ್ಟಿದ್ದರು.

ಕೇಸು ಮುಗ್ಗರಿಸುವುದು ಸಾಮಾನ್ಯವಾಗಿ ಮೂರು ಮತ್ತು ನಾಲ್ಕನೇ ಅಂಶದಲ್ಲಿ. "ಜಗಳ ಆಗಿದ್ದು ನಾಯಿ ವಿಷಯಕ್ಕೆ, ಪಾರ್ಕಿಂಗ್ ವಿಷಯಕ್ಕೆ, ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂತ ಆರೋಪಿ ಕಡೆಯವರು ವಾದಿಸುತ್ತಾರೆ. ಹಾಗಾಗಿ ಬೆಂಕಿ ಹಚ್ಚುವಾಗ ಕೂಗಿದ ಮಾತು, ಹಿಂದೆ ಕಳಿಸಿದ ಮೆಸೇಜು, ಆ ಶಿಲುಬೆಯನ್ನು ಯಾವ ಮನೆಗೆ ಮುಖ ಮಾಡಿ ನಿಲ್ಲಿಸಿದ್ದ, ಇವೇ ಕೇಸಿನ ಜೀವ.

ಮಲ್ಲಿಗೆ_ಓದು
ಮೂಲ ಪ್ರಶ್ನೆಗೆ ಬರೋಣ. ಸಾರಾಸಗಟಾಗಿ ನಿಷೇಧ ಯಾಕಿಲ್ಲ? ಇದಕ್ಕೆ ಉತ್ತರ ಎರಡು ತೀರ್ಪುಗಳಲ್ಲಿದೆ.

ಮೊದಲನೆಯದು 1992ರದ್ದು. ಮಿನೆಸೋಟದ ಸೇಂಟ್ ಪಾಲ್‌ನಲ್ಲಿ 1990ರ ಜೂನ್‌ನಲ್ಲಿ ಕೆಲವು ಹದಿಹರೆಯದವರು ಮುರಿದ ಕುರ್ಚಿಯ ಕಾಲುಗಳನ್ನು ಟೇಪ್ ಹಾಕಿ ಜೋಡಿಸಿ, ಎದುರು ಮನೆಯ ಕಪ್ಪು ಕುಟುಂಬದ ಬೇಲಿಯೊಳಗೆ ಸುಟ್ಟರು. ನಗರಸಭೆಯ ನಿಯಮದ ಕೆಳಗೆ ಕೇಸಾಯಿತು. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆ ನಿಯಮವನ್ನು ಹೊಡೆದುಹಾಕಿದರು, ಕಾರಣಗಳು ಮಾತ್ರ ಬೇರೆ ಬೇರೆ. ಮುಖ್ಯ ತೀರ್ಪು ಬರೆದ ಸ್ಕಾಲಿಯಾ ವಾದ ಇದು: ಜನಾಂಗ, ಬಣ್ಣ, ಪಂಥ, ಧರ್ಮ, ಲಿಂಗ ಈ ವಿಷಯಗಳ ಮೇಲೆ ಕೆರಳಿಸಿದರೆ ಮಾತ್ರ ಅಪರಾಧ, ಬೇರೆ ವಿಷಯಕ್ಕೆ ಕೆರಳಿಸಿದರೆ ಅಲ್ಲ ಅಂದರೆ, ಸರ್ಕಾರ ಮಾತಿನ ವಿಷಯ ನೋಡಿ ಪಕ್ಷ ವಹಿಸಿದಂತಾಯಿತು. ಆ ಕೃತ್ಯ ಹೇಯ ಅಂತಲೂ, ಅದನ್ನು ತಡೆಯಲು ನಗರದ ಕೈಯಲ್ಲಿ ಬೇರೆ ಕಾನೂನುಗಳು ಸಾಕಷ್ಟಿವೆ ಅಂತಲೂ ಅದೇ ತೀರ್ಪಿನಲ್ಲಿ ಬರೆದಿದ್ದಾರೆ.

ಎರಡನೆಯದು 2003ರ ಏಪ್ರಿಲ್ 7ರ ವರ್ಜೀನಿಯಾ ತೀರ್ಪು. ಅಸಲಿ ಕಥೆ ಇರುವುದು ಅದರಲ್ಲಿ.

ಕುಡ್ಲ_ಕಡಲು
ಸೇಂಟ್ ಪಾಲ್‌ನವರು ಹಾಗೇ ತಪ್ಪಿಸಿಕೊಂಡರಾ ಮಾರಾಯ್ರೆ?

ಅಟ್ಲಾಂಟಾ_ಅಂಗಳ
ಇಲ್ಲ. ಆಮೇಲೆ ಫೆಡರಲ್ ಕೇಸು ಹಾಕಿದರು. 1994ರಲ್ಲಿ ಎಂಟನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದರಲ್ಲಿ ಬಂದ ತಪ್ಪಿತಸ್ಥರು ಅನ್ನುವ ತೀರ್ಮಾನವನ್ನು ಎತ್ತಿಹಿಡಿಯಿತು. ಅದೇ 3631, ಜೊತೆಗೆ ನಾಗರಿಕ ಹಕ್ಕು ಕಸಿಯುವ ಪಿತೂರಿಯ ಕಲಮು. ಸ್ಕಾಲಿಯಾ ಹೇಳಿದ "ಬೇರೆ ಕಾನೂನು" ಕೆಲಸ ಮಾಡಿತು ಅಂತಲೇ ಅರ್ಥ. 1992ರ ತೀರ್ಪನ್ನು ಹಿಡಿದು "ಅಮೆರಿಕದಲ್ಲಿ ಶಿಲುಬೆ ಸುಡಲು ಸ್ವಾತಂತ್ರ್ಯ ಕೊಟ್ಟಿದ್ದಾರೆ" ಅನ್ನುವವರು ಈ ಅರ್ಧ ಭಾಗ ಹೇಳುವುದೇ ಇಲ್ಲ.

ಮಲ್ಲಿಗೆ_ಓದು
ವರ್ಜೀನಿಯಾ ತೀರ್ಪು ಎರಡು ಘಟನೆಗಳನ್ನು ಒಟ್ಟಿಗೆ ತೂಗಿತು. ಎರಡೂ 1998ರವು.

ಮೇ 2, ವರ್ಜೀನಿಯಾ ಬೀಚ್. ನೆರೆಮನೆಯ ಹಿತ್ತಲಲ್ಲಿ ಗುಂಡಿನ ಸದ್ದು ಕೇಳಿ, ಒಬ್ಬ ಕಪ್ಪು ಗೃಹಸ್ಥ ಏನಿದು ಅಂತ ಅಲ್ಲಿನ ತಾಯಿಯನ್ನು ವಿಚಾರಿಸಿದ್ದರು, ಅಷ್ಟೆ. ಅದಕ್ಕೆ ಸೇಡು ಅಂತ ಆ ಮನೆಯ ಹುಡುಗ ಗೆಳೆಯನ ಜೊತೆ ಟ್ರಕ್ ತಂದು ಅವರ ಅಂಗಳದಲ್ಲಿ ಶಿಲುಬೆ ನೆಟ್ಟು ಬೆಂಕಿ ಹಚ್ಚಿದ. ಬೆಳಗ್ಗೆ ಕಾರು ತೆಗೆಯುವಾಗ ಆ ಮನೆಯವರಿಗೆ ಕಂಡದ್ದು ಮನೆಯಿಂದ ಸುಮಾರು 20 ಅಡಿ ದೂರದಲ್ಲಿ ನಿಂತಿದ್ದ ಅರೆಬೆಂದ ಶಿಲುಬೆ. ಇದು ಮೊದಲ ಸುತ್ತು ಮಾತ್ರ, ಮುಂದೆ ಇನ್ನೇನು ಬರುತ್ತದೋ ಅಂತ ಅವರು ಸಾಕ್ಷ್ಯ ನುಡಿದರು. ಈ ಒಂದು ಮಾತಿನಲ್ಲಿ ಶಿಲುಬೆ ಸುಡುವುದರ ಇಡೀ ಅರ್ಥ ಇದೆ.

ಆಗಸ್ಟ್ 22, ಕ್ಯಾರಲ್ ಕೌಂಟಿ. ಬ್ಯಾರಿ ಬ್ಲ್ಯಾಕ್ ಎಂಬ ಕ್ಲಾನ್ ಮುಖಂಡ ಜಮೀನಿನ ಮಾಲೀಕರ ಒಪ್ಪಿಗೆಯಿಂದ ಹೊಲದಲ್ಲಿ 25–30 ಜನರ ಸಭೆ ನಡೆಸಿದ. ಕೊನೆಗೆ 25–30 ಅಡಿ ಎತ್ತರದ ಶಿಲುಬೆಗೆ ಬೆಂಕಿ. ಧ್ವನಿವರ್ಧಕದಲ್ಲಿ ಭಕ್ತಿಗೀತೆ. ರಸ್ತೆಯಿಂದ 300–350 ಗಜ ದೂರ.

ಎರಡಕ್ಕೂ ಒಂದೇ ಕಲಮು ಹಾಕಿದ್ದರು. ಮೊದಲನೆಯದರಲ್ಲಿ ನಿರ್ದಿಷ್ಟ ಮನೆ, ನಿರ್ದಿಷ್ಟ ಜನ. ಎರಡನೆಯದರಲ್ಲಿ ಗುರಿ ಯಾರು?

ನೀಲಗಿರಿ_ತೋಪು
ಗುರಿ ಆ ದಾರಿಯಲ್ಲಿ ಹೋಗುವ ಪ್ರತಿ ಕಪ್ಪು ಮನುಷ್ಯ! ಆ ಸಭೆಯಲ್ಲಿ ಬಂದೂಕು ತಗೊಂಡು ಕಪ್ಪು ಜನರಿಗೆ ಸುಮ್ಮನೆ ಗುಂಡು ಹಾರಿಸುವ ಆಸೆ ಅಂತ ಒಬ್ಬ ಭಾಷಣ ಮಾಡಿದ್ದಕ್ಕೆ ಸಾಕ್ಷ್ಯ ಇದೆ. ಇನ್ನೇನು ಬೇಕು?

ಮಲ್ಲಿಗೆ_ಓದು
ಆ ಸಾಕ್ಷ್ಯ ಇಟ್ಟುಕೊಂಡೇ ಶಿಕ್ಷೆ ಕೊಡಿಸಬಹುದಿತ್ತೇನೋ. ಮುಗ್ಗರಿಸಿದ್ದು ಬೇರೆ ಕಡೆ. ವರ್ಜೀನಿಯಾದ ಕಾನೂನಿಗೆ ಒಂದು ಬಾಲ ಇತ್ತು: ಶಿಲುಬೆ ಸುಟ್ಟಿದ್ದೇ ಹೆದರಿಸುವ ಉದ್ದೇಶಕ್ಕೆ ಮೇಲ್ನೋಟದ ಸಾಕ್ಷ್ಯ ಅಂತ. ಬ್ಲ್ಯಾಕ್ ವಿಚಾರಣೆಯಲ್ಲಿ ನ್ಯಾಯಾಧೀಶರು ಜ್ಯೂರಿಗೆ ಅದನ್ನೇ ಹೇಳಿದರು, ಬೆಂಕಿ ಒಂದರಿಂದಲೇ ಉದ್ದೇಶವನ್ನು ಊಹಿಸಬಹುದು ಅಂತ. 2,500 ಡಾಲರ್ ದಂಡ ಆಯಿತು. ಆ ಶಿಕ್ಷೆ ನಿಲ್ಲದು ಅಂತ ಸುಪ್ರೀಂ ಕೋರ್ಟು ಹೇಳಿತು.

ನ್ಯಾಯಮೂರ್ತಿ ಓ'ಕಾನರ್ ಬರೆದ ತೀರ್ಪಿನ ಸಾರ ಹೀಗಿದೆ. ಹೆದರಿಸುವ ಉದ್ದೇಶದಿಂದ ಶಿಲುಬೆ ಸುಡುವುದನ್ನು ರಾಜ್ಯ ನಿಷೇಧಿಸಬಹುದು. ಅದು ನಿಜವಾದ ಬೆದರಿಕೆ, ವಾಕ್ ಸ್ವಾತಂತ್ರ್ಯ ಕಾಯುವ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆ ಅದಕ್ಕಿಲ್ಲ. ಬೆದರಿಕೆ ಹಾಕಿದವನಿಗೆ ಅದನ್ನು ಜಾರಿಗೆ ತರುವ ಯೋಚನೆ ಇರಲೇಬೇಕೆಂದೂ ಇಲ್ಲ. ಆದರೆ ಉದ್ದೇಶವನ್ನು ರುಜುವಾತು ಮಾಡಬೇಕು, ಬೆಂಕಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಧಾರವಾಡ_ದಾರಿ
ಥಾಮಸ್ ಭಿನ್ನಮತ ಓದ್ರಿ ಮೊದಲ. ಆಗ ಪೀಠದಾಗ ಇದ್ದ ಒಬ್ಬನೇ ಕಪ್ಪು ನ್ಯಾಯಮೂರ್ತಿ. ವಾದ ನಡೆಯುವಾಗ ಬಾಯಿ ಬಿಡೋದೇ ಅಪರೂಪ ಅಂತ ಹೆಸರಾದ ಮನುಷ್ಯಾ. 2002ರ ಡಿಸೆಂಬರ್ 11ರಂದು ಮಾತಾಡಿದ್ರು. ಸುಮಾರು ನೂರು ವರ್ಷದ ಲಿಂಚಿಂಗು, ಭಯೋತ್ಪಾದನೆ ಇದರ ಹಿಂದ ಐತಿ, ಈ ಸುಡೂದರಾಗ ಹೆದರಿಸೂದು ಬಿಟ್ಟು ಬ್ಯಾರೆ ಸಂದೇಶನೇ ಇಲ್ಲ ಅನ್ನೋ ಧಾಟಿ. ಭಿನ್ನಮತದಾಗೂ ಅದನ್ನೇ ಬರದ್ರು: ಇದು ಮಾತಲ್ಲ, ಕೃತ್ಯ. ಮನೆಗೆ ಬೆಂಕಿ ಇಟ್ಟು "ನನ್ನ ಅಭಿಪ್ರಾಯ ಹೇಳಿದೆ" ಅಂದ್ರ ಹೆಂಗ ನಡೆಯೂದಿಲ್ಲೋ ಹಂಗ.

ಇನ್ನೊಂದು ಬಲವಾದ ಮಾತೂ ಐತಿ ಅದರಾಗ. ಆ ವರ್ಜೀನಿಯಾ ಕಾನೂನು ಹುಟ್ಟಿದ್ದು 1950ರ ದಶಕದ ಶುರುವಿಗೆ, ಶಾಲೆ, ಬಸ್ಸು ಎಲ್ಲಾ ಬಣ್ಣದ ಮ್ಯಾಲೆ ಬ್ಯಾರೆ ಮಾಡಿದ್ದ ವಿಧಾನಸಭಾದಾಗ. ಬಿಳಿಯರ ಮೇಲುಗೈ ನಂಬಿದ ಜನಾನೇ ಇದನ್ನ ಅಪರಾಧ ಅಂದ್ರಂದ್ರ, ಅವರು ಅಭಿಪ್ರಾಯ ಹತ್ತಿಕ್ಕಾಕ ಮಾಡಿದ್ದಲ್ಲ ಅನ್ನೂದು ಸ್ಪಷ್ಟ.

ನಾ ಥಾಮಸ್ ಪರ. ಕಡ್ಡಿ ಮುರಿದಂಗ ಹೇಳ್ತೀನಿ.

ಕುಡ್ಲ_ಕಡಲು
ಒಪ್ಪುವುದು ಕಷ್ಟ. ನಾಟಕದಲ್ಲಿ, ಸಿನಿಮಾದಲ್ಲಿ ಸುಡುತ್ತಾರೆ. ಆ ಬಾಲದ ಪ್ರಕಾರ ಅದೂ ಮೇಲ್ನೋಟಕ್ಕೆ ಅಪರಾಧವೇ. ಓ'ಕಾನರ್ ಕೂಡ ಇದನ್ನು ಎತ್ತಿ ತೋರಿಸಿದ್ದಾರೆ.

ಧಾರವಾಡ_ದಾರಿ
ಸಿನಿಮಾದವರ ಮ್ಯಾಲೆ ಯಾವ ಪೊಲೀಸ ಕೇಸ್ ಹಾಕ್ಯಾನ? ಇಲ್ಲದ ಉದಾಹರಣೆ ತಂದು ಇರೋ ಹೆದರಿಕಿ ಸಣ್ಣದು ಮಾಡಬ್ಯಾಡ್ರಿ.

ಕಲಂ_ಕಟ್ಟೆ
ಉದಾಹರಣೆ ಇಲ್ಲದಿರಬಹುದು, ಆದರೆ ಕ್ರಿಮಿನಲ್ ಕಾನೂನು ಬರೆಯುವಾಗ ಪದಗಳ ವ್ಯಾಪ್ತಿ ನೋಡಲೇಬೇಕು. ಇನ್ನು, ಆ ಬಾಲ ಕತ್ತರಿಸಿದ್ದರಿಂದ ಕಾನೂನು ಸತ್ತಿಲ್ಲ. ಕೇಸು ವರ್ಜೀನಿಯಾಕ್ಕೆ ವಾಪಸ್ ಹೋಯಿತು. ಅಲ್ಲಿನ ಸುಪ್ರೀಂ ಕೋರ್ಟು 2004ರಲ್ಲಿ ಆ ಒಂದು ವಾಕ್ಯ ಮಾತ್ರ ತೆಗೆದು ಉಳಿದದ್ದನ್ನು ಉಳಿಸಿತು. ವರ್ಜೀನಿಯಾ ಬೀಚ್‌ನ ಇಬ್ಬರ ಶಿಕ್ಷೆ ಗಟ್ಟಿಯಾಯಿತು. ಅಂಗಳದಲ್ಲಿ ನೆಟ್ಟವರಿಗೆ ಶಿಕ್ಷೆ, ಹೊಲದಲ್ಲಿ ಸಭೆ ಮಾಡಿದವನಿಗೆ ಬಿಡುಗಡೆ. ಇದರ ನಡುವೆಯೇ ವರ್ಜೀನಿಯಾ ಶಾಸನಸಭೆ ಹೊಸದೊಂದು ಕಲಮು ತಂದಿತ್ತು: ಶಿಲುಬೆ ಅಂತ ಹೆಸರಿಸದೆ, ಹೆದರಿಸುವ ಉದ್ದೇಶದಿಂದ ಬೇರೆಯವರ ಜಾಗದಲ್ಲೋ ಹೆದ್ದಾರಿಯಲ್ಲೋ ಯಾವುದೇ ವಸ್ತು ಸುಟ್ಟರೂ ಅಪರಾಧ.

ಸಾಗರ_ಸೀಮೆ
ಈ ಆಚರಣೆ ಶುರುವಾಗಿದ್ದು ಎಲ್ಲಿಂದ? ಗುಲಾಮಗಿರಿ ಕಾಲದಿಂದಲೂ ಇತ್ತಾ?

ಮಲ್ಲಿಗೆ_ಓದು
ಇಲ್ಲ. ಅಂತರ್ಯುದ್ಧ ಮುಗಿದ ಮೇಲೆ ಟೆನೆಸ್ಸಿಯ ಪುಲಾಸ್ಕಿಯಲ್ಲಿ ಹುಟ್ಟಿದ ಮೊದಲ ಕ್ಲಾನ್ ಕೊಲೆ, ಹೊಡೆತ ಎಲ್ಲ ಮಾಡಿತು, ಶಿಲುಬೆ ಸುಡಲಿಲ್ಲ. ಸ್ಕಾಟ್ಲೆಂಡಿನ ಪಂಗಡಗಳು ಯುದ್ಧಕ್ಕೆ ಕರೆ ಕೊಡಲು ಬಳಸುತ್ತಿದ್ದ ಉರಿಶಿಲುಬೆಯನ್ನು ಥಾಮಸ್ ಡಿಕ್ಸನ್ 1905ರ ಕಾದಂಬರಿಯಲ್ಲಿ ಕ್ಲಾನ್ ತಲೆಗೆ ಕಟ್ಟಿದ. ಅದನ್ನು ಆಧರಿಸಿದ ಸಿನಿಮಾ 1915ರಲ್ಲಿ ಬಂತು. ಅದೇ ವರ್ಷದ ಥ್ಯಾಂಕ್ಸ್‌ಗಿವಿಂಗ್ ರಾತ್ರಿ ವಿಲಿಯಂ ಸಿಮನ್ಸ್ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಶಿಲುಬೆ ಸುಟ್ಟು ಎರಡನೇ ಕ್ಲಾನ್ ಕಟ್ಟಿದ. ಕಾದಂಬರಿಕಾರನ ಕಲ್ಪನೆ ಹತ್ತೇ ವರ್ಷದಲ್ಲಿ ಜನರ ಮನೆಬಾಗಿಲಿಗೆ ಬಂತು. ಇದು ಕ್ರೈಸ್ತ ಭಕ್ತಿಯ ದೀಪ ಅಂತ ಕ್ಲಾನ್‌ನವರು ಈಗಲೂ ಹೇಳುತ್ತಾರೆ. ಚರಿತ್ರೆಯಲ್ಲಿ ಅದಕ್ಕೆ ಆಧಾರ ಇಲ್ಲ.

ಅಟ್ಲಾಂಟಾ_ಅಂಗಳ
1981ರಲ್ಲಿ ಅಲಬಾಮದ ಮೊಬೀಲ್‌ನಲ್ಲಿ ಮೈಕಲ್ ಡೊನಾಲ್ಡ್ ಎಂಬ 19 ವರ್ಷದ ಹುಡುಗನನ್ನು ಕ್ಲಾನ್ ಸದಸ್ಯರು ಕೊಂದು ಮರಕ್ಕೆ ನೇತುಹಾಕಿದರು. ಅದೇ ರಾತ್ರಿ ಕೋರ್ಟ್ ಆವರಣದ ಹುಲ್ಲಿನ ಮೇಲೆ ಶಿಲುಬೆ ಉರಿಯಿತು. ಕೊಲೆ ಮತ್ತು ಶಿಲುಬೆ ಒಂದೇ ರಾತ್ರಿ. ಅವನ ತಾಯಿ ಹೂಡಿದ ಸಿವಿಲ್ ದಾವೆಯಲ್ಲಿ 1987ರಲ್ಲಿ ಜ್ಯೂರಿ 70 ಲಕ್ಷ ಡಾಲರ್ ಪರಿಹಾರ ಕೊಟ್ಟು ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕವನ್ನು ದಿವಾಳಿ ಮಾಡಿತು. ಕ್ರಿಮಿನಲ್ ಕೇಸಷ್ಟೇ ದಾರಿ ಅಂದುಕೊಳ್ಳಬೇಡಿ, ಸಿವಿಲ್ ದಾವೆ ಸಂಘಟನೆಯ ಬೇರಿಗೇ ಕೈ ಹಾಕುತ್ತದೆ.

ಕುಡ್ಲ_ಕಡಲು
ವಿಷಯಾಂತರ ಅಂದರೂ ಹೇಳುತ್ತೇನೆ, ಮುದುರಿ ಕೂರದೆ ಎದುರು ನಿಂತವರೂ ಉಂಟು. 1958ರ ಜನವರಿಯಲ್ಲಿ ನಾರ್ತ್ ಕ್ಯಾರೊಲೈನಾದ ಲಂಬಿ ಬುಡಕಟ್ಟಿನವರನ್ನು ಹೆದರಿಸಲಿಕ್ಕೆ ಕ್ಲಾನ್ ಶಿಲುಬೆ ಸುಟ್ಟಿತು. ಕೆಲವೇ ದಿನದಲ್ಲಿ, 18ರಂದು, ಮ್ಯಾಕ್ಸ್‌ಟನ್ ಹತ್ತಿರದ ಹೇಯ್ಸ್ ಕೆರೆ ಬಳಿ ಕ್ಲಾನ್ ಸಭೆ ಸೇರಿದಾಗ ನೂರಾರು ಲಂಬಿಗಳು ಸುತ್ತುವರಿದು, ಇದ್ದ ಒಂದು ದೀಪ ಒಡೆದು ಓಡಿಸಿಬಿಟ್ಟರು. ಕ್ಲಾನ್ ಬಾವುಟವನ್ನು ಮೈಮೇಲೆ ಸುತ್ತಿಕೊಂಡ ಇಬ್ಬರ ಫೋಟೊ ಲೈಫ್ ಪತ್ರಿಕೆಯಲ್ಲಿ ಬಂತು. ಸಭೆ ಕರೆದ ಮುಖಂಡನಿಗೆ ಗಲಭೆಗೆ ಪ್ರಚೋದಿಸಿದ್ದಕ್ಕೆ ಜೈಲಾಯಿತು.

ನೀಲಗಿರಿ_ತೋಪು
ಸಾರ್ವಜನಿಕ ಅಭಿಪ್ರಾಯ ಯಾವ ಕಡೆ ಇದೆ? ಅಮೆರಿಕನ್ನರು ಇದನ್ನು ಸಹಿಸಿಕೊಳ್ಳುತ್ತಾರಾ?

ಮಲ್ಲಿಗೆ_ಓದು
ಮಾತು ಬೇರೆ, ಬೆದರಿಕೆ ಬೇರೆ ಅನ್ನುವುದು ಅಲ್ಲಿ ಬಹಳ ಜನರಲ್ಲಿ ಬೇರೂರಿದೆ. ಜನರಲ್ ಸೋಷಿಯಲ್ ಸರ್ವೆ ಅನ್ನುವ ಅಲ್ಲಿನ ಜನಾಭಿಪ್ರಾಯ ಸಮೀಕ್ಷೆ 1976ರಿಂದ ಒಂದು ಪ್ರಶ್ನೆ ಕೇಳುತ್ತಾ ಬಂದಿದೆ: ಕಪ್ಪು ಜನ ಹುಟ್ಟಿನಿಂದಲೇ ಕೀಳು ಅನ್ನುವವನಿಗೆ ನಿಮ್ಮ ಊರಲ್ಲಿ ಭಾಷಣ ಮಾಡಲು ಬಿಡಬೇಕೇ? ದಶಕಗಳ ಕಾಲ ಬಿಡಬೇಕು ಅಂದವರು ನೂರಕ್ಕೆ 60ರ ಆಸುಪಾಸು. ಅದರರ್ಥ ನೆರೆಮನೆಯ ಮುಂದೆ ಬೆಂಕಿ ಹಚ್ಚಲು ಬಿಡಬೇಕು ಅಂತಲ್ಲ. ಈ ಎರಡನ್ನು ಕಲಸಿ ಹಾಕಬಾರದು.

ವಿಚಾರಣಾ ಕೋರ್ಟಿನಲ್ಲಿ ಬ್ಯಾರಿ ಬ್ಲ್ಯಾಕ್ ಪರ ವಾದಿಸಿದ್ದು ಡೇವಿಡ್ ಬಾ ಎಂಬ ಕಪ್ಪು ವಕೀಲರು, ನಾಗರಿಕ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಎಸಿಎಲ್‌ಯು ಸಂಸ್ಥೆಯ ಪರವಾಗಿ. ಕ್ಲಾನ್ ಬಾಯಿ ಮುಚ್ಚಿಸುವ ಅಧಿಕಾರ ಸರ್ಕಾರಕ್ಕೆ ಕೊಟ್ಟರೆ, ನಾಳೆ ಅದೇ ಅಧಿಕಾರ ಕಪ್ಪು ಹೋರಾಟಗಾರರ ಮೇಲೆ ತಿರುಗುತ್ತದೆ ಅನ್ನುವ ಭಯ ಈ ಪಂಥದ್ದು. ಕಪ್ಪು ಜನರ ನಡುವೆಯೇ ಥಾಮಸ್ ನಿಲುವು ಒಂದು, ಬಾ ನಿಲುವು ಇನ್ನೊಂದು.

ಧಾರವಾಡ_ದಾರಿ
ಆ ಭಯ ನಾ ಒಪ್ಕೋತೀನಿ, ಆದ್ರ ಅದರ ಖರ್ಚು ಯಾರ ತಲಿ ಮ್ಯಾಲೆ ಬೀಳತೈತಿ ನೋಡ್ರಿ. ತತ್ವ ವಕೀಲರದು. ರಾತ್ರಿ ನಿದ್ದಿ ಕೆಡೂದು ಆ ಮನಿಯವರದು.

ಕಲಂ_ಕಟ್ಟೆ
ನಮ್ಮ ಭಾರತದ ಕಾನೂನಿನಲ್ಲಿ ಊಹೆಯ ನಿಯಮ ಹೇಗಿದೆ ನೋಡಿ, ಹೋಲಿಕೆಗೆ ಒಳ್ಳೆಯದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 8(ಸಿ) ಪ್ರಕಾರ ಆರೋಪಿಗೆ ಸಂತ್ರಸ್ತರ ಅಥವಾ ಅವರ ಮನೆಯವರ ಪರಿಚಯ ಇತ್ತು ಅಂದರೆ, ಅವರ ಜಾತಿ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು. ಸುಳ್ಳು ಅಂತ ತೋರಿಸುವ ಹೊಣೆ ಆರೋಪಿಯದು. ಗಮನಿಸಿ, ಇದು ಊಹಿಸುವುದು ಜಾತಿಯ ಅರಿವನ್ನು, ಹೆದರಿಸುವ ಉದ್ದೇಶವನ್ನಲ್ಲ. ವರ್ಜೀನಿಯಾ ಉದ್ದೇಶವನ್ನೇ ಊಹಿಸಲು ಹೋಗಿ ಕೈಸುಟ್ಟುಕೊಂಡಿತು.

ಇನ್ನು ಅಮೆರಿಕದ ಸುಪ್ರೀಂ ಕೋರ್ಟಿನ 2023ರ ಜೂನ್‌ನ ಕೌಂಟರ್‌ಮನ್ ತೀರ್ಪನ್ನು ಮರೆಯಬಾರದು. ಬೆದರಿಕೆ ಕೇಸಿನಲ್ಲಿ ಕೇಳಿದವರಿಗೆ ಭಯವಾಯಿತು ಅನ್ನುವುದಷ್ಟೇ ಸಾಲದು, ಮಾತಾಡಿದವನು ಅದು ಬೆದರಿಕೆಯಾಗಿ ತಟ್ಟುತ್ತದೆ ಅನ್ನುವ ಅಪಾಯ ಗೊತ್ತಿದ್ದೂ ಲೆಕ್ಕಿಸಲಿಲ್ಲ ಅಂತಲಾದರೂ ತೋರಿಸಬೇಕು. ಶಿಲುಬೆ ವಿಷಯದಲ್ಲಿ ಇದು ದೊಡ್ಡ ಅಡ್ಡಿಯಲ್ಲ. ಅದರ ಅರ್ಥ ನನಗೆ ಗೊತ್ತಿರಲಿಲ್ಲ ಅಂತ ಯಾವ ಜ್ಯೂರಿ ಮುಂದೆ ಹೇಳುತ್ತಾರೆ?

ಸಾಗರ_ಸೀಮೆ
ಅಲ್ಲಿರುವ ನಮ್ಮವರಿಗೆ ಇಂಥದ್ದು ಎದುರಾದರೆ ಏನು ಮಾಡಬೇಕು? ಶಿಲುಬೆಯೇ ಆಗಬೇಕಿಲ್ಲ, ನೇಣಿನ ಕುಣಿಕೆ, ಗೋಡೆ ಬರಹ, ಏನೇ ಇರಲಿ.

ಅಟ್ಲಾಂಟಾ_ಅಂಗಳ
ಮೊದಲು 911. ಬೆಂಕಿ ಇದ್ದರೆ ಆರಿಸುವ ಕೆಲಸ ಅಗ್ನಿಶಾಮಕದವರಿಗೆ ಬಿಡಿ, ಮನೆಗೆ ತಗುಲುವ ಅಪಾಯ ಇದ್ದರೆ ಎಲ್ಲರೂ ಹೊರಗೆ ಬನ್ನಿ. ಆರಿದ ಮೇಲೆ ಅದನ್ನು ಕೀಳಬೇಡಿ, ತೊಳೆಯಬೇಡಿ. ಉರಿಸಲು ಬಳಸಿದ ಎಣ್ಣೆಯ ಅಂಶ, ಟೇಪಿನ ಮೇಲಿನ ಬೆರಳಚ್ಚು ಎಲ್ಲ ಅದರಲ್ಲೇ ಇರುತ್ತದೆ. ನಾಚಿಕೆಯಿಂದಲೋ ಮಕ್ಕಳು ನೋಡಬಾರದು ಅಂತಲೋ ಜನ ಬೆಳಗಾಗುವುದರೊಳಗೆ ಕಿತ್ತು ಎಸೆಯುತ್ತಾರೆ. ಕೇಸು ಅಲ್ಲೇ ಸೊರಗುತ್ತದೆ.

ಫೋಟೊ ಎರಡು ಥರ ಬೇಕು: ಹತ್ತಿರದಿಂದ ಒಂದು, ನಿಮ್ಮ ಕಿಟಕಿಯೊಳಗಿಂದ ಒಂದು. ಯಾರಿಗೆ ಕಾಣಲಿ ಅಂತ ನಿಲ್ಲಿಸಿದ್ದು ಅನ್ನುವುದನ್ನು ಎರಡನೆಯದೇ ಹೇಳುತ್ತದೆ. ಡೋರ್‌ಬೆಲ್ ಕ್ಯಾಮೆರಾದ ದೃಶ್ಯ ಕೆಲವು ವಾರದಲ್ಲಿ ತಾನಾಗಿ ಅಳಿಸಿಹೋಗಬಹುದು. ಅವತ್ತೇ ಇಳಿಸಿಕೊಳ್ಳಿ, ಮೂಲ ಫೈಲ್ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಹೋದದ್ದು ಕುಗ್ಗಿರುತ್ತದೆ, ದಿನಾಂಕ, ವೇಳೆಯ ವಿವರವೂ ಹೋಗಿರುತ್ತದೆ. ಕೂಗಿದ ಮಾತನ್ನು ಕೇಳಿದ ಹಾಗೇ, ಬೈಗುಳ ಸಮೇತ ಬರೆದಿಡಿ.

ಸ್ಥಳೀಯ ಪೊಲೀಸರಿಗೆ ಕೊಟ್ಟ ದೂರಿನ ನಂಬರ್ ತಗೊಂಡು ಎಫ್‌ಬಿಐಗೆ ಬೇರೆಯಾಗಿ ತಿಳಿಸಿ. ಪೊಲೀಸರೇ ಕಳಿಸುತ್ತಾರೆ ಅಂತ ಕಾಯಬೇಡಿ.

ಕಲಂ_ಕಟ್ಟೆ
ಸಿವಿಲ್ ಕಡೆಯ ಗಡುವೂ ನೆನಪಿರಲಿ. ಫೇರ್ ಹೌಸಿಂಗ್ ಕಾಯ್ದೆಯಲ್ಲಿ ವಸತಿ ಇಲಾಖೆಗೆ, ಅಂದರೆ ಹಡ್‌ಗೆ, ದೂರು ಕೊಡಲು ಒಂದು ವರ್ಷ, ಕೋರ್ಟಿನಲ್ಲಿ ದಾವೆ ಹೂಡಲು ಎರಡು ವರ್ಷ. ಕ್ರಿಮಿನಲ್ ಕೇಸು ಮುಗಿಯಲಿ ಆಮೇಲೆ ನೋಡೋಣ ಅಂತ ಕೂತರೆ ಎರಡೂ ಕೈತಪ್ಪುತ್ತವೆ.

ಕುಡ್ಲ_ಕಡಲು
ಬಾಡಿಗೆಗೆ ಇರುವವರಿಗೂ ಇದು ಅನ್ವಯ ಆಗುತ್ತದಾ? ಎಚ್1ಬಿ ವೀಸಾದಲ್ಲಿ ಇದ್ದವರಿಗೆ?

ಕಲಂ_ಕಟ್ಟೆ
ಎರಡಕ್ಕೂ ಹೌದು. ಮನೆ ಯಾರ ಹೆಸರಲ್ಲಿದೆ ಅಂತ ಕಾನೂನು ಕೇಳುವುದಿಲ್ಲ, ಯಾರು ವಾಸ ಇದ್ದಾರೆ ಅಂತ ಕೇಳುತ್ತದೆ. 3631 ಬರೆದಿರುವುದು "ಯಾವುದೇ ವ್ಯಕ್ತಿ"ಯ ರಕ್ಷಣೆಗೆ, ಪೌರತ್ವದ ಷರತ್ತು ಅದರಲ್ಲಿಲ್ಲ. ಬಾಡಿಗೆ ಕರಾರಿನ ಪ್ರತಿ ಮಾತ್ರ ದೂರಿನ ಜೊತೆ ಇಡಿ. ಆ ವಿಳಾಸದಲ್ಲಿ ವಾಸ ಇದ್ದೀರಿ ಅನ್ನುವುದಕ್ಕೆ ಅದು ಸಾಕು.